ಸೋಮಾರಿ ಎಂದು ಕರೆದವಳು

ಜುಲೈ ೧೯, ಶುಕ್ರವಾರ.

ಓದಲು ಕಷ್ಟಪಡುವ ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಐದು ದಿನದ ತರಬೇತಿ ಇಂದು ಮುಗಿಯಿತು. ಎರಡನೇ ದಿನದಿಂದಲೇ ನನಗೆ ಊಟ ಸೇರುತ್ತಿಲ್ಲ. ತಿರುವುಮುರುವಾಗುವ ಅಕ್ಷರ, ತಪ್ಪಿಹೋಗುವ ಸಾಲು. ತರಬೇತುದಾರರು ಹೇಳಿದ್ದೆಲ್ಲ ಹದಿನೆಂಟು ವರ್ಷದ ಹಿಂದೆ ಸೋಮಾರಿ ಎಂದು ನಾನು ದಿನಾ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹುಡುಗಿಯ ಕಥೆಯೇ. ಅವಳು ಆರನೇ ತರಗತಿಗೇ ಶಾಲೆ ಬಿಟ್ಟಳು.

ಸಂಜೆ ಅವಳ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದೆ.

"ನೀನು ಸೋಮಾರಿ ಆಗಿರ್ಲಿಲ್ಲ ಕಣಮ್ಮ. ನಂಗೇ ಕಲಿಸೋಕೆ ಬರ್ತಿರ್ಲಿಲ್ಲ," ಎಂದೆ.

ಅವಳು ಮಷೀನು ನಿಲ್ಲಿಸಲಿಲ್ಲ. "ಬಿಡಿ ಟೀಚರ್. ನನ್ ಮಗಳೂ ಹಂಗೇ, ಒಂದಕ್ಷರ ಹತ್ತಲ್ಲ. ದಿನಾ ನಾಲ್ಕು ಬಿಗೀತೀನಿ."

ಮೂಲೆಯಲ್ಲಿ ಮಗು ಚಿಂದಿಬಟ್ಟೆ ಆರಿಸುತ್ತಿತ್ತು.

"ಹೊಡೀಬೇಡ, ನನ್ನ ಹತ್ರ ಕಳಿಸು. ನಾನು ಕಲಿಸ್ತೀನಿ."

ಆಗ ತಲೆಯೆತ್ತಿದಳು. "ನಿಮ್ ಹತ್ರಾನಾ?"