ಗಂಜಿಯ ದಾವೆ

ಬಂದರು, ಮಂಗಳೂರು
೧೫–೧೧–೧೯೬೬

ಪ್ರೀತಿಯ ಹಬೀಬಾ,

ಸಲಾಂ. ಕೂಳೂರಿನ ತವರಿನಲ್ಲಿ ನೀನು ಕ್ಷೇಮವೆಂದು ಕೇಳಿದೆ. ನಾನೂ ಇದ್ದೇನೆ. ಹೋದ ವಾರ ತೀರ್ಪಾಯಿತು. ಸರಕಾರದ ಮೇಲೆ ಹಾಕಿದ ದಾವೆಯಲ್ಲಿ ಸೋತೆ. ಗಾಬರಿಯಾಗದೆ ಪೂರ್ತಿ ಓದು.

ಬಂದರಿನ ಹೊಡೆದಾಟಕ್ಕೆ ನನಗೂ ಮೀನಿನ ಯಾದವನಿಗೂ ಜೈಲಾದದ್ದರ ಬಗ್ಗೆ ತಕರಾರಿಲ್ಲ, ಹೊಡೆದದ್ದು ಹೌದು. ಆದರೆ ಅದು ಹೋದ ವರ್ಷದ ರಂಝಾನ್. ಜೈಲಿನಲ್ಲಿ ರಾತ್ರಿಯೂಟವನ್ನು ಬಿಸಿಲಿರುವಾಗಲೇ ಬಡಿಸಿ, ತಟ್ಟೆ ತೆಗೆದು, ಬೀಗ ಹಾಕುತ್ತಾರೆ. ಸೂರ್ಯ ಮುಳುಗುವವರೆಗೆ ತಟ್ಟೆ ಇರಲಿ ಎಂದೆ. ನಿಯಮವಿಲ್ಲ ಎಂದರು. ನಾನು ಅನ್ನ ಮುಟ್ಟದೆ, ಕತ್ತಲಾದ ಮೇಲೆ ಹೂಜಿಯ ನೀರು ಕುಡಿದೇ ಉಪವಾಸ ಬಿಡುತ್ತಿದ್ದೆ. ಅವರು ಅದನ್ನು ಉಪವಾಸ ಸತ್ಯಾಗ್ರಹವೆಂದು ತಿಳಿದರು. ನನ್ನನ್ನು ಅಷ್ಟು ದೊಡ್ಡ ಮನುಷ್ಯನೆಂದು ಹಿಂದೆ ಯಾರೂ ತಿಳಿದದ್ದಿಲ್ಲ. ಒಂದು ದಿನ ಹಾಡಹಗಲೇ ಹಿಡಿದು ಮಲಗಿಸಿ, ಮೂಗಿಗೆ ಕೊಳವೆ ತುರುಕಿ ಗಂಜಿ ಹೊಯ್ದರು.

ಊರಿಗೆ ಮುಟ್ಟಿದ ಸುದ್ದಿ ಬೇರೆ. ನಾನೇ ಉಪವಾಸ ಮುರಿದು ಗಂಜಿ ಕುಡಿದೆನಂತೆ. ಅಂಥವನ ಮನೆಯಲ್ಲಿ ಮಗಳು ಬೇಡವೆಂದು ಮಾವ ನಿನ್ನನ್ನು ಕರೆದೊಯ್ದರು. ಬಲವಂತವಾದರೆ ಉಪವಾಸ ಮುರಿಯುವುದಿಲ್ಲ ಎಂದು ಮಸೀದಿಯ ಮುಸ್ಲಿಯಾರರು ಹೇಳಿದಾಗ, ಬಲವಂತಕ್ಕೆ ರುಜುವಾತೆಲ್ಲಿ ಎಂದು ಮಾವ ಕೇಳಿದರು. ನಾನು ಕೋರ್ಟಿಗೆ ಹೋದದ್ದು ಆ ರುಜುವಾತಿಗೆ, ಪರಿಹಾರದ ಆಸೆಗಲ್ಲ.

ಪುಕ್ಕಟೆ ಗಂಜಿ ಸಿಕ್ಕವನಿಗೆ ನಷ್ಟವೇನು ಎಂದು ಸರಕಾರಿ ವಕೀಲರು ಕೇಳಿದರು. ಎಲ್ಲರೂ ನಕ್ಕರು, ನನಗೂ ನಗು ಬಂತು. ಯಾದವ ನಗಲಿಲ್ಲ. ನಾನು ಎದುರಿನ ಕೋಣೆಯಲ್ಲಿ ಇದ್ದದ್ದು ಸ್ವಾಮೀ, ಬಲೆಗೆ ಬಿದ್ದ ಮೀನು ಕೂಡ ಹಾಗೆ ಒದ್ದಾಡುವುದಿಲ್ಲ ಎಂದು ಸಾಕ್ಷಿ ಹೇಳಿದ.

ಜೈಲು ನಡೆಸುವುದು ರಾಜ್ಯಾಧಿಕಾರದ ಕೆಲಸ, ಅದಕ್ಕೆ ಪರಿಹಾರ ಕೇಳುವ ಹಾಗಿಲ್ಲ ಎಂದು ದಾವೆ ವಜಾ ಆಯಿತು. ಆದರೆ ವಾದಿಗೆ ಅವನ ಇಚ್ಛೆಗೆ ವಿರುದ್ಧವಾಗಿ ಗಂಜಿ ಹೊಯ್ದದ್ದು ನಿಜವೆಂದು ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಎಂತ ಮಾರಾಯ, ಇದು ಗೆದ್ದದ್ದೋ ಸೋತದ್ದೋ ಎಂದು ಯಾದವ ಕೇಳಿದ. ಕೂಳೂರಿನವರು ಹೇಳಬೇಕು ಎಂದೆ.

ತೀರ್ಪಿನ ನಕಲು ಇಟ್ಟಿದ್ದೇನೆ. ಮಾವನಿಗೆ ತೋರಿಸು. ನಿನ್ನ ಮೇಲೆ ಸಿಟ್ಟಿಲ್ಲ, ಬೇಸರವಿದೆ. ನೀನಾದರೂ ರುಜುವಾತಿಲ್ಲದೆ ನಂಬಬಹುದಿತ್ತು. ಮುಂದಿನ ತಿಂಗಳು ರಂಝಾನ್. ಅದಕ್ಕೆ ಮೊದಲು ಮನೆಗೆ ಬಾ.

ನಿನ್ನ,
ನೂರ್ ಮುಹಮ್ಮದ್

ತಾ.ಕ.: ಕೋರ್ಟಿನಲ್ಲಿ ಯಾರೂ ಕೇಳದ ಮಾತೊಂದಿದೆ. ಗಂಜಿ ಒಳಗಿಳಿದಾಗ ಹೊಟ್ಟೆಗೆ ಹಿತವಾಗಿತ್ತು. ಅದಕ್ಕೇ, ಮುಸ್ಲಿಯಾರರು ಬೇಡವೆಂದರೂ, ಆ ಒಂದು ದಿನದ ಉಪವಾಸವನ್ನು ಇವತ್ತು ಮತ್ತೆ ಹಿಡಿದಿದ್ದೇನೆ. ಇದನ್ನು ಮಾವನಿಗೆ ಓದಿ ಹೇಳಬೇಡ.