ಎಡಗಾಲಿನ ಸುಳ್ಳು

ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯೋದು ವಾಡಿಕೆ. ನಿಮ್ಮಪ್ಪ ಕ್ಷೇಮ, ನಿನ್ನ ತಮ್ಮ ಕ್ಷೇಮ, ಹೊಲಿಗೆ ಮೆಷಿನ್ನೂ ಕ್ಷೇಮ. ನನಗೆ ಮಾತ್ರ ನಿನ್ನೆ ನಿಮ್ಮ ಮನೆಯಿಂದ ಬಂದಾಗಿನಿಂದ ಹೊಟ್ಟೆಯುರಿ. ತಣ್ಣನೆ ಹಾಲು ಕುಡಿದರೆ ಇಳಿಯೋ ಉರಿ ಅಲ್ಲ. ಬೆಳಿಗ್ಗೆ ದೀಪ ಹಚ್ಚಿ ಕಣ್ಣು ಮುಚ್ಚಿದರೆ ಅಲ್ಲೂ ನಿಮ್ಮತ್ತೆಯ ಮುಖವೇ ಬಂತು, ಕನ್ನಡಕದ ಸಮೇತ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಬೇಗ ಹೇಳಮ್ಮಾ ಅಂತೀಯ, ಬೇಗ ಹೇಳೋಕೆ ಹೋದರೆ ನಾನು ಮತ್ತೆ ಸುಳ್ಳೇ ಹೇಳಿಬಿಡ್ತೀನಿ. ಪಕ್ಕದ ಮನೆಯವರು ಬುಧವಾರ ನಿಮ್ಮ ಕಡೆ ಬರ್ತಾರೆ, ಅವರ ಕೈಯಲ್ಲಿ ಇದನ್ನು ಕಳಿಸ್ತೀನಿ. ಗುರುವಾರ ನೀನು ಡಾಕ್ಟರ ಹತ್ತಿರ ಹೋಗೋ ಮೊದಲು ಓದಲೇಬೇಕು. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ನನ್ನ ಉರಿಯನ್ನು ಹೇಳಿ ಮುಗಿಸ್ತೀನಿ, ಇಲ್ಲದಿದ್ದರೆ ಮುಂದಿನದು ಬರೆಯೋಕೆ ಕೈ ಬರಲ್ಲ. ನಿನ್ನೆ ಊಟ ಆದ ಮೇಲೆ ನೀನು ಆಕೆಯ ಪಕ್ಕ ಹೋಗಿ ಕೂತೆ. ನನ್ನ ಪಕ್ಕವೂ ಜಾಗ ಇತ್ತು. ಆಕೆಯನ್ನು ಅತ್ತೆ ಅನ್ನದೆ ಅಮ್ಮ ಅಂದೆ, ಒಂದಲ್ಲ, ನಾಲ್ಕು ಸಲ. ಅಳಿಯಂದಿರು ಒಳಗೆ ತಟ್ಟೆ ತೊಳೀತಾ ಇದ್ದರು. ಅದು ಬೇರೆ ಹೊಟ್ಟೆಕಿಚ್ಚು ಬಿಡು, ನಿಮ್ಮಪ್ಪ ಕುಡಿದ ಲೋಟ ಎತ್ತಿಟ್ಟವರಲ್ಲ. ಅಷ್ಟರಲ್ಲಿ ನಿಮ್ಮತ್ತೆ ಕಾಗದ, ಪೆನ್ನು ತಂದು, ಎರಡು ವರ್ಷ ಮಗು ಬೇಡ ಅಂತಿದ್ದಾರೆ ಇಬ್ಬರೂ, ಬೀಗಿತ್ತಿ, ಇವಳು ಮಾತ್ರೆ ತಗೋಬೇಕು ಅಂತಿದ್ದಾಳೆ, ಡಾಕ್ಟರು ಕೇಳೋದನ್ನೆಲ್ಲ ಮೊದಲೇ ಬರೆದುಕೊಂಡು ಹೋಗೋಣ ಅಂತ ಅಂದರು. ನನ್ನ ಮಗಳ ಮಗುವಿನ ಮಾತು ನನಗೆ ಗೊತ್ತಾಗಿದ್ದು ಹೀಗೆ, ಆಕೆಯ ಬಾಯಿಂದ! ನಿನ್ನ ತಿಂಗಳ ತಾರೀಕು ಆಕೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿತ್ತು. ನೀನು ದೊಡ್ಡವಳಾದಾಗ ಶಾಲೆಯಿಂದ ಅಳುತ್ತಾ ಓಡಿ ಬಂದು ಮುಖ ಮುಚ್ಚಿಕೊಂಡಿದ್ದು ಯಾರ ಸೆರಗಿನಲ್ಲಿ, ನೆನಪಿದೆಯಾ?

ಆಕೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಒಪ್ಪಿದೆ. ಒಂದೊಂದೇ ಕೇಳುತ್ತಾ ಹೋದರು. ಬಿಪಿ ಇದೆಯಾ, ಸಿಗರೇಟು ಹೊಗೆಸೊಪ್ಪು ಏನಾದರೂ ಉಂಟಾ, ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗಿ ತಲೆನೋವು ಬರುತ್ತಾ, ಬೇರೆ ಮಾತ್ರೆ ನುಂಗ್ತಿದ್ದೀಯಾ. ಹೆಚ್ಚಿನ ಹೆಂಗಸರಿಗೆ ಈ ಮಾತ್ರೆಯಿಂದ ತೊಂದರೆ ಇಲ್ಲ, ಆದರೆ ಯಾರಿಗೆ ಆಗಬಾರದೋ ಅವರು ಮೊದಲೇ ಹೇಳಬೇಕು ಅಂದರು. ಕೊನೆಗೆ, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಿದರು. ನೀನು ನಗುತ್ತಾ, ನಮ್ಮಮ್ಮ ಕಲ್ಲುಗುಂಡು, ಅವರಿಗೇನಾಗುತ್ತೆ ಅಂದೆ. ಆಕೆ ನನ್ನ ಕಡೆ ತಿರುಗಿ, ಬೀಗಿತ್ತಿ, ನಿಮಗೇನಾದರೂ, ಅಂತ ಮತ್ತೊಮ್ಮೆ ಕೇಳಿದರು.

ನಾನು ಇಲ್ಲ ಅಂದೆ.

ಗುಬ್ಬಿ, ಅದು ಸುಳ್ಳು.

ಮೆಷಿನ್ನಿನ ಪೆಡಲ್ ತುಳಿದೂ ತುಳಿದೂ ಅಮ್ಮನ ಎಡಗಾಲು ಊದಿತು, ಅದಕ್ಕೇ ಅಪ್ಪ ಮೆಷಿನ್ನಿಗೆ ಮೋಟಾರು ಹಾಕಿಸಿಕೊಟ್ಟರು ಅಂತ ನೀನು ನಂಬಿದ್ದೀಯಲ್ಲ, ನಿಮ್ಮಪ್ಪನೂ ಅದನ್ನೇ ನಂಬಿದ್ದಾರೆ. ಪಾಪ, ಇಪ್ಪತ್ತು ವರ್ಷದಿಂದ ಆ ಮೋಟಾರಿಗೆ ಅವರೇ ಎಣ್ಣೆ ಬಿಡ್ತಾರೆ. ನನ್ನ ಕಾಲಿಗೆ ಪೆಡಲ್ ಏನೂ ಮಾಡಿರಲಿಲ್ಲ.

ನೀನು ಹುಟ್ಟಿದ ಮೇಲೆ ನನಗೆ ಕೆಲವು ವರ್ಷ ಇನ್ನೊಂದು ಬೇಡ ಅನ್ನಿಸಿತ್ತು. ಹೊರಗೆ ಭಜನೆಯ ಹೆಂಗಸರಿಗೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ, ಮಾತ್ರೆಗೀತ್ರೆ ಪಾಪ, ಅಂತ ನಾನೇ ಬುದ್ಧಿ ಹೇಳ್ತಿದ್ದೆ. ಒಳಗೆ ಬಾಬಿನ್ ಡಬ್ಬಿಯಲ್ಲಿ, ದಾರದ ಉಂಡೆಗಳ ಅಡಿಯಲ್ಲಿ, ಮಾತ್ರೆ ಪಟ್ಟಿ ಇತ್ತು. ನನಗೆ ಹೇಳಿಕೊಳ್ಳದೆ ನೀನು ಆಕೆಗೆ ಹೇಳಿಕೊಂಡಿದ್ದು ಯಾಕೆ ಅಂತ ರಾತ್ರಿಯೆಲ್ಲ ಕೊರಗಿದೆ. ಆ ಭಜನೆಯಲ್ಲಿ ನನ್ನ ತೊಡೆ ಮೇಲೆ ಕೂತು ಕೇಳಿಸಿಕೊಂಡವಳು ನೀನೇ ಅಲ್ಲವಾ. ಇನ್ನು ನನಗೆಲ್ಲಿ ಹೇಳ್ತೀಯ.

ಡಾಕ್ಟರನ್ನು ಕೇಳಿರಲಿಲ್ಲ. ಗೆಳತಿಯೊಬ್ಬಳು ತನ್ನದರಲ್ಲೇ ಕೊಡ್ತಿದ್ದಳು, ಸಕ್ಕರೆ ಸಾಲ ಕೊಟ್ಟ ಹಾಗೆ. ನನ್ನ ಬುದ್ಧಿ ನೋಡು, ಉಪವಾಸದ ದಿನ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು ಅಂತ ಮಾತ್ರೆಯನ್ನೂ ಬಿಡ್ತಿದ್ದೆ. ವಾರಕ್ಕೆ ಎರಡು ಉಪವಾಸ. ಪುಣ್ಯಕ್ಕೆ ಪುಣ್ಯವೂ ಬಂತು, ನಿನ್ನ ತಮ್ಮನೂ ಬಂದ. ಅವನಿಗೆ ಇದನ್ನು ಹೇಳಬೇಡ, ಮೊದಲೇ ತಾನು ದೇವರ ವರ ಅಂತ ಮೆರೀತಾನೆ.

ಅವನು ಹುಟ್ಟಿ ತಿಂಗಳೂ ತುಂಬಿರಲಿಲ್ಲ, ಹೆದರಿಕೆಗೆ ಅದೇ ಮಾತ್ರೆ ಮತ್ತೆ ಶುರು ಮಾಡಿದೆ. ಹೆರಿಗೆಯಾದ ಹೊಸದರಲ್ಲಿ ಆ ಮಾತ್ರೆ ಮುಟ್ಟಲೇಬಾರದು ಅಂತ ಆಮೇಲೆ ಗೊತ್ತಾಯಿತು. ಶುರು ಮಾಡಿದ ಮೂರನೇ ವಾರಕ್ಕೆ ಎಡ ಮೀನಖಂಡ ಕೆಂಪಗೆ, ಬಿಸಿಯಾಗಿ, ಕುಂಬಳಕಾಯಿ ಹಾಗೆ ಊದಿಕೊಂಡಿತು. ನಿಮ್ಮಪ್ಪ ಕೆಲಸದ ಮೇಲೆ ದೂರ ಹೋಗಿದ್ದರು. ನಿನ್ನ ದೊಡ್ಡಮ್ಮ ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡೇ ಹೋದಳು. ರಕ್ತ ಹೆಪ್ಪುಗಟ್ಟಿದೆ, ಈ ಹೆಪ್ಪು ಎದೆಗೆ ಏರಿದ್ದರೆ ಎರಡು ಮಕ್ಕಳು ತಬ್ಬಲಿ ಆಗ್ತಿದ್ದವು ಅಂತ ಡಾಕ್ಟರಮ್ಮ ಬೈದರು. ಬೈದು, ಬಾಗಿಲಲ್ಲಿ ನಿಂತಿದ್ದ ನಿನ್ನನ್ನು ತೋರಿಸಿ, ಇವಳು ದೊಡ್ಡವಳಾದ ಮೇಲೆ ಇದನ್ನು ಹೇಳಬೇಕು, ಮರೀಬೇಡ ಅಂದರು. ಮರೆತಿಲ್ಲ. ಹೇಳಲೂ ಇಲ್ಲ. ದೊಡ್ಡಮ್ಮ ತೀರಿಹೋದ ಮೇಲೆ ಇದು ಗೊತ್ತಿರೋದು ನನಗೂ ದೇವರಿಗೂ ಮಾತ್ರ.

ನಿನ್ನೆ ಹೇಳಬಹುದಿತ್ತು. ನಾಚಿಕೆಯಾಯಿತು ಅಂತ ಬರೆದರೆ ಅರ್ಧ ಸತ್ಯ ಆಗುತ್ತೆ. ಮಗಳನ್ನಂತೂ ಕೊಟ್ಟಾಯಿತು, ನನ್ನ ಕಾಲನ್ನೂ ಈಕೆಯ ಕಾಗದಕ್ಕೆ ಕೊಡಲಾ ಅಂತ ಹಟ ಬಂತು. ನಿನ್ನ ಜೀವಕ್ಕಿಂತ ನನ್ನ ಹಟ ದೊಡ್ಡದಾಗಿ ಕೂತಿತ್ತು ಒಂದು ಗಳಿಗೆ. ಅದನ್ನು ದೇವರ ಹತ್ತಿರ ಒಪ್ಪಿಕೊಂಡೆ, ಈಗ ನಿನ್ನ ಹತ್ತಿರ.

ಗುರುವಾರ ಡಾಕ್ಟರಿಗೆ ಮೊದಲ ಮಾತೇ ಇದನ್ನು ಹೇಳು. ಅಮ್ಮನಿಗೆ ಮೂವತ್ತನೇ ವಯಸ್ಸಿಗೆ, ಹೆರಿಗೆಯ ಹೊಸದರಲ್ಲಿ, ಮಾತ್ರೆ ನುಂಗುವಾಗ ಹೀಗಾಯಿತು ಅಂತ. ಬೇರೆ ಥರದ ಮಾತ್ರೆಗಳೂ ಇವೆಯಂತೆ, ಮಾತ್ರೆಯಲ್ಲದ ದಾರಿಗಳೂ ಇವೆಯಂತೆ. ನಿನಗೆ ಯಾವುದು ಅಂತ ಅವರು ಹೇಳಲಿ, ನಾನೂ ಬೇಡ, ಗೆಳತಿಯರೂ ಬೇಡ. ಯಾವುದೇ ಕೊಡಲಿ, ದಿನಾ ಅದೇ ಹೊತ್ತಿಗೆ ತಗೋ, ಒಂದು ಮರೆತರೆ ಏನು ಮಾಡಬೇಕು ಅಂತ ಕೇಳಿ ಬರೆದುಕೋ. ಉಪವಾಸಕ್ಕೂ ಮಾತ್ರೆಗೂ ಸಂಬಂಧ ಇಲ್ಲ, ದೇವರು ಅಷ್ಟು ಸಣ್ಣವನಲ್ಲ. ಒಂದೇ ಕಾಲು ಊದಿದರೆ, ಉಸಿರು ಸಿಕ್ಕಿಕೊಂಡರೆ, ಎದೆ ನೋವು ಬಂದರೆ, ಎಂದೂ ಇಲ್ಲದ ತಲೆನೋವು ಬಂದರೆ, ಕಣ್ಣು ಮಂಜಾದರೆ, ದಿನವೆಲ್ಲ ಅಂಗಡಿಯಲ್ಲಿ ನಿಂತಿದ್ದಕ್ಕೆ ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡ. ಆ ಕ್ಷಣವೇ ಆಸ್ಪತ್ರೆಗೆ ಓಡು. ನಾನು ಎರಡು ದಿನ ಎಣ್ಣೆ ತಿಕ್ಕಿದ್ದೆ.

ಮಗು ಯಾವಾಗ ಅನ್ನೋದು ನಿಮ್ಮಿಬ್ಬರ ಮಾತು. ನಾನು ಕೇಳಲ್ಲ. ಕೇಳಿದರೂ ಉತ್ತರ ಕೊಡಬೇಡ.

ನಿನ್ನನ್ನು ಹೆತ್ತ, ಒಬ್ಬಳೇ ಹೆತ್ತ,
ಅಮ್ಮ

ಆಮೇಲೆ ಸೇರಿಸಿದ್ದು: ಮಂಗಳವಾರ ಬೆಳಿಗ್ಗೆ ಬರೀತಿದ್ದೀನಿ. ಪಕ್ಕದ ಮನೆಯವರ ಪ್ರಯಾಣ ಶನಿವಾರಕ್ಕೆ ಹೋಯಿತು. ನಿನಗೆ ಮೂರು ಸಲ ಫೋನ್ ಮಾಡಿದೆ, ಅಂಗಡಿಯಲ್ಲಿ ಗಿರಾಕಿ ಇರಬೇಕು, ಎತ್ತಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು ನಿಮ್ಮತ್ತೆಗೇ ಮಾಡಿ ಎಲ್ಲ ಹೇಳಿದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ರಾ ಅಂತ ಮೇಷ್ಟ್ರ ಹಾಗೆ ಬೈದರು. ಸಿಟ್ಟು ಬಂದು ಫೋನ್ ಇಟ್ಟೆ. ಆಮೇಲೆ ನಾನೇ ಮತ್ತೆ ಮಾಡಿದೆ. ಆಗ ಹೇಳಿದರು, ಮಿಕ್ಕ ಪ್ರಶ್ನೆಗೆಲ್ಲ ಪೆನ್ನಿನಲ್ಲಿ ಬರೆದು, ಅದೊಂದಕ್ಕೆ ಮಾತ್ರ ಪೆನ್ಸಿಲ್ಲಿನಲ್ಲಿ ಇಲ್ಲ ಅಂತ ಬರೆದಿದ್ದರಂತೆ. ಮೊನ್ನೆ ನಾನು ನಿಮ್ಮ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಎಡಗಾಲು ಬಲಗಾಲಿಗಿಂತ ದಪ್ಪ ಇದ್ದಿದ್ದು ಕಂಡಿತ್ತಂತೆ. ಇಪ್ಪತ್ತು ವರ್ಷ ನಿಮ್ಮಪ್ಪನಿಗೆ ಕಾಣದ್ದು ಆಕೆಗೆ ಹದಿನಾಲ್ಕು ಮೆಟ್ಟಿಲಲ್ಲಿ ಕಂಡಿತು. ಮತ್ತೆ ಹೊಟ್ಟೆ ಉರೀತು.

ಗುರುವಾರ ನಾನೂ ಬರ್ತೀನಿ. ಈ ಪತ್ರ ನಾನೇ ಕೈಗೆ ಕೊಡ್ತೀನಿ, ಒಳಗೆ ಕರೆಯುವ ಮೊದಲು ಓದು. ಬೆಂಚಿನಲ್ಲಿ ನಿನ್ನ ಒಂದು ಪಕ್ಕ ಆಕೆ ಕೂರಲಿ, ಅಡ್ಡಿಯಿಲ್ಲ. ಇನ್ನೊಂದು ಪಕ್ಕ ಬ್ಯಾಗ್ ಇಟ್ಟು ನನಗೆ ಜಾಗ ಹಿಡಿದಿರು. ಆಕೆ ಒಳ್ಳೆಯವರು ಅಂತ ಇಷ್ಟುದ್ದ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ನೋಡಿಕೋ. ಬರೆಸಲೂಬೇಡ.