ಬಿಳಿ ಬೊಟ್ಟಿನ ಓರಗಿತ್ತಿ

ನಿನ್ನ ಶೆಡ್ಡಿನ ಬೆಂಚಿನಿಂದ,
ಏಪ್ರಿಲ್ 21, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಜ್ಜಾ,

ಕಣ್ಣು ಹೇಗಿದೆ? ಆಪರೇಶನ್ನಿನ ಪಟ್ಟಿ ಬಿಚ್ಚಿದ್ದಾರೆ, ಆದರೆ ಇನ್ನೂ ಎರಡು ವಾರ ಓದುವ ಹಾಗಿಲ್ಲ ಎಂದು ಅಪ್ಪ ಹೇಳಿದರು. ಹಾಗಾಗಿ ಇದನ್ನು ಅತ್ತೆಯೇ ಓದಿ ಹೇಳಬೇಕು. ಅತ್ತೆ, ನಮಸ್ಕಾರ. ನಿಮ್ಮ ಮೊಣಕಾಲು ನೋವು ಕಡಿಮೆಯಾಯಿತೇ? ಹನಿ ಹಾಕುವಾಗ ಅಜ್ಜ ಎಳೆಮಗುವಿನ ಹಾಗೆ ಹಟ ಮಾಡುತ್ತಿರಬೇಕು. "ನಿನ್ ಕೈಗಿಂತ ನನ್ ಸ್ಪ್ಯಾನರ್ ಹಗುರ" ಎಂದು ನಿಮಗೂ ಹೇಳಿಯಾಯಿತೇ? ಆಪರೇಶನ್ನಿಗೆ ಹೊರಡುವ ಮೊದಲು ಇಲ್ಲಿ ದಿನಕ್ಕೆ ನಾಲ್ಕು ಸಲ ಅದನ್ನು ನಾನು ಕೇಳಿಸಿಕೊಂಡಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಮನೆಗೆ ಬಂದವರು ನಾನು ಏನು ಓದಿದ್ದೇನೆ ಎಂದು ಕೇಳುತ್ತಾರೆ, ಸಾಹಿತ್ಯ ಎಂದರೆ "ಓಹೋ" ಎನ್ನುತ್ತಾರೆ. ಆ "ಓಹೋ" ಆದ ಮೇಲೆ ಅವರ ಬಳಿ ಎರಡನೇ ಮಾತಿರುವುದಿಲ್ಲ. ನನ್ನ ಬಳಿಯಂತೂ ಮೊದಲನೆಯದೇ ಇರುವುದಿಲ್ಲ. ಮೊನ್ನೆ ಭಾನುವಾರ ಪೇಂಟಿನ ಅಂಗಡಿಯವರು ಬಂದು ನಿನ್ನ ರಿಪೇರಿ ಶೆಡ್ಡನ್ನು ಟೇಪು ಹಿಡಿದು ಅಳೆದುಕೊಂಡು ಹೋದರು. ಅವರಿಗೆ ಡಬ್ಬ ಪೇರಿಸಿಡಲು ಜಾಗ ಬೇಕಂತೆ. ಶನಿವಾರ ಫೋನಿನಲ್ಲಿ ನೀನು "ಕೊಟ್ಟುಬಿಡು" ಎಂದರೆ ಮಾತು ಮುಗಿಯಿತು ಎನ್ನುತ್ತಾರೆ ಅಪ್ಪ. ಶನಿವಾರಕ್ಕೆ ಮೊದಲು ಈ ಪತ್ರ ನಿನ್ನನ್ನು ಮುಟ್ಟಲಿ ಎಂದು ಆತುರದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಾರದೇ ಎನ್ನಬೇಡ. ನನ್ನ ದನಿ ಫೋನಿನಲ್ಲಿ ಅರ್ಧ ದಾರಿಗೇ ಸುಸ್ತಾಗುವುದು ನಿನಗೆ ಗೊತ್ತಲ್ಲ.

ನೀನು ಶೆಡ್ಡನ್ನು ಯಾಕೆ ಬಿಟ್ಟುಕೊಡುತ್ತೀಯ ಎಂಬುದೂ ನನಗೆ ಗೊತ್ತು. ಕಣ್ಣಿಗಾಗಿ ಅಲ್ಲ, ಹೂವಿನಂಗಡಿ ಅಕ್ಕನ ಕಾರಿಗಾಗಿ. ಆಕೆಗೆ ಅದು ಕಾರಲ್ಲ, ಗಾಲಿಯ ಮೇಲಿನ ತಂಪುಪೆಟ್ಟಿಗೆ. ಎಸಿ ಕೆಟ್ಟರೆ ಗುಲಾಬಿ ಗಿರಾಕಿಯ ಮನೆ ಸೇರುವ ಮೊದಲೇ ತಲೆ ಬಾಗಿಸುತ್ತದೆ. ನೀನು ಅತ್ತೆಯ ಊರಿಗೆ ಹೊರಡುವ ಹಿಂದಿನ ದಿನ ಆ ಎಸಿಯ ಸೋರಿಕೆ ಮುಚ್ಚಿ, ಗ್ಯಾಸ್ ತುಂಬಿ, ಒಂದು ಹೊಸ ರಿಲೇ (ಕರೆಂಟು ಹಾಯಿಸುವ ಪುಟ್ಟ ಸ್ವಿಚ್ಚು ಅತ್ತೆ) ಕೂರಿಸಿ, ಕೈ ತೊಳೆದುಕೊಂಡು ಒಳಗೆ ಹೋಗಿ ಮಲಗಿದ್ದೆ. ಮಧ್ಯಾಹ್ನ ಅಕ್ಕ ಕಾರು ಒಯ್ದರು. ಸಂಜೆ ಹಿಂದಿನ ಸೀಟಿನ ತುಂಬ ಬಾಡಿದ ಹೂವು ಹೊತ್ತು ಬಂದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಇರ್ಲಿ ಬಿಡಿ ಅಜ್ಜಾ, ಕೈಗೂ ವಯಸ್ಸಾಗುತ್ತಲ್ವಾ" ಎಂದರು. ನೀನು ಒಂದೊಂದೇ ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಬೀಗದಕೈ ನನಗೆ ಕೊಡುವಾಗ ಹೇಳಿದ್ದಿಷ್ಟೇ: "ಕಣ್ಣು ಹೋದ್ರೆ ಆಪರೇಶನ್ ಇದೆ. ಕೈ ಹೋದ್ರೆ ಏನಿದೆ?"

ಆ ಮಾತು ನನ್ನನ್ನು ಬಿಡಲಿಲ್ಲ. ಬೆಳಿಗ್ಗೆ ತಣ್ಣಗಿದ್ದದ್ದು ಸಂಜೆಗೆ ಯಾಕೆ ಬಿಸಿಯಾಯಿತು? ಕಥೆಯೊಂದರಲ್ಲಿ ಹೀಗಾಗಿದ್ದರೆ ನಡುವಿನ ಪುಟ ಹರಿದುಹೋಗಿದೆ ಎನ್ನುತ್ತಿದ್ದೆ. ನಿನ್ನೆ ಹೂವಿನಂಗಡಿಗೆ ಹೋದೆ. ಮೂರು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ, ನಾಲ್ಕನೆಯ ಸಲ ಅಕ್ಕನೇ ಕರೆದರು. ದೊಡ್ಡ ಗ್ಯಾರೇಜಿನವರು ಬಾನೆಟ್ಟನ್ನೂ ಸರಿಯಾಗಿ ಎತ್ತದೆ "ಕಂಪ್ರೆಸರ್ ಹೋಗಿದೆ, ಬದಲಾಯಿಸ್ಬೇಕು" ಎಂದರಂತೆ. ಒಮ್ಮೆ ನಾನು ನೋಡಲೇ ಎಂದೆ. ಅಕ್ಕನಿಗೆ ನಗು ಬಂತು. "ನೀನು ಮನುಷ್ಯರ ಹತ್ರಾನೇ ಮಾತಾಡಲ್ಲ, ಇಂಜಿನ್ ಹತ್ರ ಏನ್ ಮಾತಾಡ್ತೀಯಾ?" ನಾನು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ ಎಂದೆ. ಅಷ್ಟು ಉದ್ದದ ವಾಕ್ಯ ನನ್ನ ಬಾಯಿಂದ ಬಂದದ್ದಕ್ಕೇ ಆಕೆ ಕೀಲಿ ಕೊಟ್ಟಿರಬೇಕು.

ಕಾರನ್ನು ಶೆಡ್ಡಿಗೆ ತರಿಸಿ, ನಿನ್ನ ನೋಟ್‌ಬುಕ್ ತೆರೆದು ಕೂತೆ. ಅಜ್ಜಾ, ನಾನು ಮೂರು ವರ್ಷ ಓದಿದ ಯಾವ ಪುಸ್ತಕವೂ ನನ್ನನ್ನು ಇಷ್ಟು ಸತಾಯಿಸಿಲ್ಲ. ಒಂದು ಭಾಗಕ್ಕಾದರೂ ಅದರ ಹೆಸರು ಬರೆಯಬಾರದೇ? ಗಾಳಿ ಊದುವ ಫ್ಯಾನಿಗೆ "ಅತ್ತೆ" ಎಂದಿದ್ದೀಯ. "ಅತ್ತೆ ಎಷ್ಟು ಜೋರಾಗಿ ಮಾತಾಡಿದರೂ ಮನೆ ತಣ್ಣಗಾಗುವುದಿಲ್ಲ." (ಇದು ಅಜ್ಜನ ಕೈಬರಹ ಅತ್ತೆ, ನನ್ನದಲ್ಲ.) ಕಂಪ್ರೆಸರ್ "ಯಜಮಾನ". ಗ್ಯಾಸಿನ ಒತ್ತಡ ನೋಡುವ ಸ್ವಿಚ್ಚು "ಬೀಗರು". ಯಾಕೆಂದು ಪಕ್ಕದಲ್ಲೇ ಬರೆದಿದ್ದೀಯ: "ಕಡಿಮೆಯಾದರೂ ಮುನಿಸು, ಹೆಚ್ಚಾದರೂ ಮುನಿಸು." ಒಬ್ಬಳೇ ಕೂತು ಜೋರಾಗಿ ನಕ್ಕೆ. ಅಮ್ಮ ಅಡುಗೆಮನೆಯಿಂದ ಬಂದು ಇಣುಕಿ ನೋಡಿ ಹೋದರು.

ನೀನು ಬರೆದ ಕ್ರಮದಲ್ಲೇ ಹೋದೆ. ಅತ್ತೆ ಮಾತಾಡುತ್ತಿದ್ದಳು, ಗಾಳಿ ಚೆನ್ನಾಗಿ ಬರುತ್ತಿತ್ತು, ಆದರೆ ಬಿಸಿ. ಮೀಟರ್ ಹಚ್ಚಿ ಗ್ಯಾಸ್ ನೋಡಿದೆ. ನೀನು ತುಂಬಿದ್ದು ಹಾಗೇ ಇತ್ತು, ನೀನು ಮುಚ್ಚಿದ ಸೋರಿಕೆಗೆ ಸೋಪಿನ ನೀರು ಹಚ್ಚಿದರೂ ಒಂದು ಗುಳ್ಳೆಯೂ ಏಳಲಿಲ್ಲ. ಬೀಗರಿಗೆ ಮುನಿಸಿಲ್ಲ. ಆಮೇಲೆ ಅಮ್ಮನನ್ನು ಸೀಟಿನಲ್ಲಿ ಕೂರಿಸಿ, ಎಸಿ ಒತ್ತಲು ಹೇಳಿ, ಬಾನೆಟ್ಟಿನ ಬಳಿ ಕಿವಿಗೊಟ್ಟು ನಿಂತೆ. ಎಸಿ ಹಾಕಿದಾಗ ಕಂಪ್ರೆಸರಿನ ನಡುವಿನ ತಟ್ಟೆ "ಟಕ್" ಎಂದು ಹಿಡಿದುಕೊಂಡು ತಿರುಗಬೇಕು. ಅಮ್ಮ ಆರು ಸಲ ಒತ್ತಿದರು. "ಕೇಳಿಸ್ತೇನೇ? ಒಲೆ ಮೇಲೆ ಹಾಲಿಟ್ಟು ಬಂದಿದೀನಿ!" ಟಕ್ ಇಲ್ಲ. ಬ್ಯಾಟರಿಯಿಂದ ನೇರವಾಗಿ ಒಂದು ತಂತಿ ಎಳೆದು ಯಜಮಾನನಿಗೆ ಮುಟ್ಟಿಸಿದೆ. ಟಕ್! ಯಜಮಾನ ಗಟ್ಟಿಮುಟ್ಟಾಗಿದ್ದ. ಅವನನ್ನು ಕರೆಯುವವರಿರಲಿಲ್ಲ, ಅಷ್ಟೆ. ಹಾಲು ಉಕ್ಕಿತ್ತು, ಆ ವಿಷಯ ಬೇರೆ.

ನೋಟ್‌ಬುಕ್ಕಿನಲ್ಲಿ ಮುಂದಿನ ಸಾಲು: "ಟಕ್ ಅನ್ನದಿದ್ದರೆ ಓರಗಿತ್ತಿಯನ್ನು ಕೇಳು." ಓರಗಿತ್ತಿ ಎಂದರೆ ಅಣ್ಣತಮ್ಮಂದಿರ ಹೆಂಡತಿಯರು, ಅಮ್ಮ ಮತ್ತು ಚಿಕ್ಕಮ್ಮನ ಹಾಗೆ, ಇದು ಗೊತ್ತು. ಎಸಿಗೆ ಓರಗಿತ್ತಿ ಯಾರು? ಪುಟ ತಿರುಗಿಸಿದಾಗ ನಿನ್ನ ಚಿತ್ರ ಕಂಡಿತು: ಫ್ಯೂಸ್ ಡಬ್ಬದಲ್ಲಿ ಅಕ್ಕಪಕ್ಕ ಕೂತ ಎರಡು ಕಪ್ಪು ರಿಲೇಗಳು, ಒಂದೇ ಎತ್ತರ, ಒಂದೇ ಮುಖ. ಒಂದು ಎಸಿಯದು, ಇನ್ನೊಂದು ಹಾರ್ನಿನದು. ಕೆಳಗೆ ಬರೆದಿದ್ದೆ: "ಇಬ್ಬರೂ ಒಂದೇ ಥರ, ಆದರೆ ಅವರವರ ಒಲೆ ಅವರವರಿಗೆ. ಪರೀಕ್ಷೆಗೆ ಮಾತ್ರ ಅದಲುಬದಲು ಮಾಡು. ಹಾಗೇ ಬಿಡಬೇಡ." ಡಬ್ಬದ ಮುಚ್ಚಳ ತೆಗೆದೆ. ನೀನು ಹೊಸದಾಗಿ ಹಾಕುವ ಪ್ರತಿ ಭಾಗಕ್ಕೂ ಬಿಳಿ ಪೇಂಟಿನ ಒಂದು ಬೊಟ್ಟು ಇಡುತ್ತೀಯಲ್ಲ? ಆ ಬೊಟ್ಟಿದ್ದ ಹೊಸ ರಿಲೇ ಹಾರ್ನಿನ ಜಾಗದಲ್ಲಿ ಕೂತಿತ್ತು. ಎಸಿಯ ಜಾಗದಲ್ಲಿ ಬೋಳು ಹಣೆಯ ಹಳೆಯದೊಂದು. ಅಂದರೆ, ನೀನು ಕೆಲಸ ಮುಗಿಸಿದ ಮೇಲೆ ಅವು ಅದಲುಬದಲು ಮಾಡಲ್ಪಟ್ಟಿದ್ದವು.

ಬೊಟ್ಟಿನವಳನ್ನು ಅವಳ ಜಾಗಕ್ಕೆ ಕೂರಿಸಿದೆ. ಅಮ್ಮ ಒತ್ತುವುದೇ ತಡ, ಟಕ್. ಎರಡು ನಿಮಿಷದಲ್ಲಿ ಅಮ್ಮ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು. ಹಾರ್ನ್ ಮಾತ್ರ ಮೂಕವಾಯಿತು. ಕೆಟ್ಟಿದ್ದ ಹಳೆಯ ರಿಲೇ ಅದರದ್ದೇ. ಅದಕ್ಕೊಂದು ಹೊಸದು ತಂದು ಹಾಕಿ, ನಿನ್ನ ಡಬ್ಬಿಯಿಂದಲೇ ಬೊಟ್ಟೂ ಇಟ್ಟೆ. ಸ್ವಲ್ಪ ಸೊಟ್ಟಗಾಗಿದೆ. ಅಕ್ಕ ಬಂದು ಗಾಳಿಗೆ ಒಂದು ಗುಲಾಬಿ ಹಿಡಿದು, ಆಮೇಲೆ ಕೆನ್ನೆ ಹಿಡಿದರು. "ಅಜ್ಜನ ಕೈಗೆ ನಾನು ಅಂಥಾ ಮಾತು ಅನ್ಬಾರ್ದಿತ್ತು" ಎಂದರು.

ಇಷ್ಟು ಸಾಕು. ಹನಿ ತಪ್ಪಿಸಬೇಡ, ಬಿಸಿಲಿಗೆ ಹೋಗಬೇಡ, ಅತ್ತೆಯ ಮಿಕ್ಸರ್ ಬಿಚ್ಚಬೇಡ. ಅಪ್ಪ, ಅಮ್ಮ ನಿಮ್ಮಿಬ್ಬರಿಗೂ ನಮಸ್ಕಾರ ಹೇಳಿದ್ದಾರೆ. ನಿನ್ನ ಎರಡೂ ಕೈಗಳಿಗೆ, ಕಣ್ಣಿಗಿಂತ ಮೊದಲು, ನನ್ನ ಮುತ್ತು.

ನಿನ್ನ
ಪಿಸುಗುಬ್ಬಿ

ತಾ.ಕ. ಒಂದು ಮಾತು ಮರೆತೆ. ಇಲ್ಲ, ಮರೆಯಲಿಲ್ಲ. ಮೇಲೆ "ಮಾಡಲ್ಪಟ್ಟಿದ್ದವು" ಎಂದು ಬರೆದೆನಲ್ಲ, ಅದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತಾರೆ. ಮಾಡಿದವರು ಅಡಗಿಕೊಳ್ಳಲು ಅಷ್ಟು ಒಳ್ಳೆಯ ಪರದೆ ಇನ್ನೊಂದಿಲ್ಲ. ಈಗ ಕರ್ತರಿಯಲ್ಲಿ ಬರೆಯುತ್ತೇನೆ: ನಾನು ಮಾಡಿದೆ. ಆ ಮಧ್ಯಾಹ್ನ ನೀನು ಹನಿ ಹಾಕಿಸಿಕೊಂಡು ಮಲಗಿದ್ದಾಗ, ಅಕ್ಕ ಹೊರಡುವ ಮುಂಚೆ "ಹಾರ್ನ್ ಬರ್ತಿಲ್ಲ ಕಣಮ್ಮ" ಎಂದು ಹೇಳಿ, ಫೋನ್ ಬಂತೆಂದು ರಸ್ತೆಗೆ ಹೋದರು. "ಹಾರ್ನ್ ಬರ್ಲಿಲ್ವಾ? ಓರಗಿತ್ತೀನ ಕೂರ್ಸಿ ನೋಡು" ಎಂದು ನೀನು ಎಷ್ಟೋ ಸಲ ಹೇಳಿದ್ದು ಕೇಳಿದ್ದೆ. ಬೊಟ್ಟಿನ ರಿಲೇ ಕಂಡಿತು. ಓರಗಿತ್ತಿ ಎಂದರೆ ಇದೇ, ಸ್ಟೆಪ್ನಿ ಟೈರಿನ ಹಾಗೆ ಸುಮ್ಮನೆ ಇಟ್ಟಿರುವ ಬದಲಿ ಎಂದುಕೊಂಡೆ. ಬದಲಾಯಿಸಿದೆ, ಹಾರ್ನ್ ಕೂಗಿತು, ಹಿಗ್ಗಿದೆ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸಂಜೆ ಬಾಡಿದ ಹೂವು ಬಂದಾಗಲೂ ಹಾರ್ನಿಗೂ ಎಸಿಗೂ ಏನು ಸಂಬಂಧ ಎಂದೇ ಇದ್ದೆ. ನಿನ್ನೆ ಮುಚ್ಚಳ ತೆಗೆದಾಗ ಹರಿದುಹೋದ ಪುಟ ಸಿಕ್ಕಿತು, ಅದರಲ್ಲಿ ನಾನಿದ್ದೆ. ಅಕ್ಕನಿಗೆ ಇವತ್ತು ಸಂಜೆಯೇ ಹೇಳುತ್ತೇನೆ, ಅಂಗಡಿ ತುಂಬ ಗಿರಾಕಿಗಳಿದ್ದರೂ. ನಿನ್ನ ಕೈ ಎಲ್ಲಿಗೂ ಹೋಗಿಲ್ಲ ಅಜ್ಜಾ. ಶನಿವಾರ "ಕೊಟ್ಟುಬಿಡು" ಎನ್ನಬೇಡ. ಅತ್ತೆ, ಈ ತಾ.ಕ. ಮಾತ್ರ ಎರಡು ಸಲ ಓದಿ, ಗಟ್ಟಿಯಾಗಿ. ಪಿಸುಗುಟ್ಟುವವಳು ಮನೆಗೆ ಒಬ್ಬಳೇ ಸಾಕು.